ಗೋಲ್‌ಕೀಪರ್ ಪ್ಯಾಡು: ಮೇಲಿನ ಹೆಸರು, ಒಳಗಿನ ಭೌತವಿಜ್ಞಾನ

ಎರಡು ವರ್ಷಗಳ ಹಿಂದಿನ ಮಾತು. ನೆಲಮಂಗಲದ ನಮ್ಮ ಕಾಲೇಜಿನಲ್ಲಿ ಹಾಕಿ ಆಡುವ ವಿದ್ಯಾರ್ಥಿನಿಯೊಬ್ಬಳು ಕುಂಟುತ್ತ ಭೌತವಿಜ್ಞಾನ ಪ್ರಯೋಗಾಲಯಕ್ಕೆ ಬಂದಳು. ಅವಳು ತಂಡದ ಗೋಲ್‌ಕೀಪರ್. ಕಂಕುಳಲ್ಲಿ ಕಾಲಿಗೆ ಕಟ್ಟುವ ಪ್ಯಾಡು ಇತ್ತು. ಅದನ್ನು ಮೇಜಿನ ಮೇಲಿಟ್ಟು, "ಸರ್, ಹೆಸರೇನೋ ದೊಡ್ಡ ಕಂಪನಿಯದು. ಆದರೆ ಚೆಂಡು ಬಿದ್ದರೆ ಪ್ಯಾಡೇ ಕಟ್ಟಿಲ್ಲವೇನೋ ಅನ್ನೋ ಹಾಗೆ ತಾಗುತ್ತೆ. ಯಾಕೆ?" ಎಂದು ಕೇಳಿದಳು. ಮೊಣಕಾಲಿನ ಕೆಳಗಿನ ಮೂಳೆಯಲ್ಲಿ ಕೂದಲೆಳೆಯಂಥ ಬಿರುಕು ಬಿಟ್ಟಿರುವುದನ್ನು ಎಕ್ಸ್‌ರೇ ತೋರಿಸಿತ್ತು.

ಪ್ಯಾಡಿನ ಮೇಲೆ ಹೊಲಿದಿದ್ದ ವಿದೇಶಿ ಕಂಪನಿಯ ಹೆಸರಿನ ಪಟ್ಟಿ ಒಂದು ಮೂಲೆಯಲ್ಲಿ ಕಿತ್ತುಬಂದಿತ್ತು. ಅದರಡಿ ಬೇರೊಂದು ಹೆಸರು ಮುದ್ರಿತವಾಗಿತ್ತು. ಅಂಚಿನ ಹೊಲಿಗೆ ಬಿಚ್ಚಿ ನೋಡಿದರೆ ಒಳಗೆ ಸೋಫಾಕ್ಕೆ ಹಾಕುವಂಥ ಹಳದಿ ಸ್ಪಂಜು. ಕಡಿಮೆ ದರ ನಮೂದಿಸಿದ ಅಂಗಡಿಯಿಂದ ಆ ಪ್ಯಾಡನ್ನು ಕೊಳ್ಳಲು ಒಪ್ಪಿಗೆ ಕೊಟ್ಟ ಖರೀದಿ ಸಮಿತಿಯಲ್ಲಿ ನಾನೂ ಇದ್ದೆ. ಕಾಗದಕ್ಕೆ ಸಹಿ ಹಾಕುವಾಗ ನಾನು ನೋಡಿದ್ದು ಹೆಸರು ಮತ್ತು ಬೆಲೆಯನ್ನು ಮಾತ್ರ. ಹಾಗಾಗಿ ಅವಳ ಪ್ರಶ್ನೆಗೆ ಉತ್ತರ ಹುಡುಕುವುದು ನನ್ನ ಹೊಣೆಯೂ ಆಯಿತು.

ಇಲ್ಲಿ ಎರಡು ಪ್ರಶ್ನೆಗಳಿವೆ. ಒಬ್ಬರು ತಯಾರಿಸಿದ ವಸ್ತುವಿನ ಮೇಲೆ ಇನ್ನೊಬ್ಬರ ಹೆಸರು ಇರುವುದು ಯಾವಾಗಲೂ ಮೋಸವೇ? ಚೆಂಡನ್ನು ತಡೆಯುವುದು ಪ್ಯಾಡಿನ ಯಾವ ಗುಣ? ಮೊದಲ ಪ್ರಶ್ನೆಗೆ ಉತ್ತರ ಬೇಕಾದರೆ ಕೆನಡಾದ ಐಸ್ ಹಾಕಿಯ ಚರಿತ್ರೆಯನ್ನು ನೋಡಬೇಕು. ಗೋಲ್‌ಕೀಪರ್ ಸಲಕರಣೆಗಳನ್ನು ಆಟಗಾರನ ಅಳತೆಗೆ ತಕ್ಕಂತೆ ಹೊಲಿದುಕೊಡುವ ಕಸುಬು ಬೆಳೆದದ್ದು ಅಲ್ಲಿ. ಹೆಸರು ಬದಲಿಸುವ ಪದ್ಧತಿಯೂ ಅಲ್ಲಿ ಚೆನ್ನಾಗಿ ಕಾಣುತ್ತದೆ.

ಕ್ರಿಕೆಟ್ ಪ್ಯಾಡಿನಿಂದ ಆರಂಭ

ಐಸ್ ಹಾಕಿಯನ್ನು ಮಂಜುಗಡ್ಡೆಯ ಅಂಗಳದಲ್ಲಿ, ಕಾಲಿಗೆ ಸ್ಕೇಟು ಕಟ್ಟಿಕೊಂಡು ಆಡುತ್ತಾರೆ. ಅದರಲ್ಲಿ ಚೆಂಡಿಲ್ಲ. ಗಟ್ಟಿ ರಬ್ಬರಿನ ಚಪ್ಪಟೆ ಬಿಲ್ಲೆಯಿದೆ. ಅದಕ್ಕೆ 'ಪಕ್' ಎಂದು ಹೆಸರು. ವ್ಯಾಸ 3 ಅಂಗುಲ, ದಪ್ಪ 1 ಅಂಗುಲ, ತೂಕ 156ರಿಂದ 170 ಗ್ರಾಂ. ನಮ್ಮ ಹಾಕಿ ಚೆಂಡಿನ ತೂಕ 156ರಿಂದ 163 ಗ್ರಾಂ. ಎರಡೂ ಹೆಚ್ಚುಕಡಿಮೆ ಒಂದೇ ತೂಕದವು ಎಂಬುದನ್ನು ಗಮನಿಸಿ. ಆದರೆ ಪಕ್‌ನ ವೇಗ ಗಂಟೆಗೆ 160 ಕಿ.ಮೀ. ಮೀರುವುದುಂಟು.

ಆರಂಭದಲ್ಲಿ ಐಸ್ ಹಾಕಿಯ ಗೋಲ್‌ಕೀಪರಿಗೆಂದೇ ಪ್ಯಾಡು ಇರಲಿಲ್ಲ. 1896ರ ಫೆಬ್ರವರಿಯಲ್ಲಿ ಸ್ಟಾನ್ಲಿ ಕಪ್ ಪಂದ್ಯವೊಂದರಲ್ಲಿ ವಿನಿಪೆಗ್ ತಂಡದ ಜಾರ್ಜ್ ಮೆರಿಟ್ ಕ್ರಿಕೆಟ್ ಪ್ಯಾಡು ಕಟ್ಟಿಕೊಂಡು ಗೋಲಿನ ಮುಂದೆ ನಿಂತ. ಅವನ ತಂಡ ಗೆದ್ದಿತು, ಪ್ಯಾಡು ಬಳಕೆಗೆ ಬಂತು. ಆದರೆ ಕ್ರಿಕೆಟ್ ಪ್ಯಾಡು ಕಾಲಿನ ಸುತ್ತ ದುಂಡಗೆ ಬಾಗಿರುತ್ತದೆ. ಅದಕ್ಕೆ ಬಡಿದ ಪಕ್ ಓರೆಯಾಗಿ ಚಿಮ್ಮಿ ಕೆಲವೊಮ್ಮೆ ಗೋಲಿನೊಳಕ್ಕೇ ಹೋಗುತ್ತಿತ್ತು.

ಇದಕ್ಕೆ ಪರಿಹಾರ ಕಂಡುಕೊಂಡವನು ಹ್ಯಾಮಿಲ್ಟನ್ ನಗರದ ಎಮಿಲ್ ಕೆನೆಸ್ಕಿ. ಅವನ ಕಸುಬು ಕುದುರೆಯ ಜೀನು, ಲಗಾಮು ಹೊಲಿಯುವುದು. 1920ರ ದಶಕದಲ್ಲಿ ಅವನು ಪ್ಯಾಡಿನ ಮುಖವನ್ನು ಅಗಲಗೊಳಿಸಿ ಚಪ್ಪಟೆ ಮಾಡಿದ. ಚರ್ಮದ ಹೊದಿಕೆಯೊಳಗೆ ಜಿಂಕೆಯ ಕೂದಲು ಮತ್ತು ನಾವು ದಿಂಬಿಗೆ ತುಂಬುವ ಬೂರುಗದ ಹತ್ತಿಯಂಥ ನಾರನ್ನು ಗಿಡಿದು ತುಂಬಿದ. ಜೀನು ಹೊಲಿಯುವವನು ಕುದುರೆಯ ಬೆನ್ನಿನ ಅಳತೆ ತೆಗೆಯುವಂತೆ ಆಟಗಾರರ ಕಾಲಿನ ಅಳತೆ ತೆಗೆದು ಕೈಯಿಂದ ಹೊಲಿದುಕೊಡುತ್ತಿದ್ದ. ಮುಂದಿನ ಹಲವು ದಶಕ ಕೆನಡಾದ ಪ್ರಮುಖ ಗೋಲ್‌ಕೀಪರುಗಳು ಅವನ ಅಂಗಡಿಯ ಪ್ಯಾಡುಗಳನ್ನು ಕಟ್ಟಿದರು. ಆ ತುಂಬುವಿಕೆಗೆ ಒಂದೇ ದೋಷ. ಮಂಜುಗಡ್ಡೆ ಕರಗಿದ ನೀರನ್ನು ಅದು ಹೀರುತ್ತಿತ್ತು. ಆಟ ಮುಗಿಯುವ ಹೊತ್ತಿಗೆ ಪ್ಯಾಡು ಭಾರವಾಗಿರುತ್ತಿತ್ತು.

ಮುಖದ ಅಚ್ಚಿನಿಂದ ಮುಖವಾಡ

ಕಾಲಿಗೆ ಪ್ಯಾಡು ಬಂದರೂ ಮುಖಕ್ಕೆ ರಕ್ಷಣೆ ಬರಲು ಬಹಳ ವರ್ಷ ಬೇಕಾಯಿತು. 1959ರ ನವೆಂಬರ್ 1ರಂದು ನ್ಯೂಯಾರ್ಕಿನ ಪಂದ್ಯದಲ್ಲಿ ಮಾಂಟ್ರಿಯಲ್ ತಂಡದ ಝಾಕ್ ಪ್ಲಾಂಟ್ ಮುಖಕ್ಕೆ ಪಕ್ ಬಡಿದು ಗಾಯವಾಯಿತು. ಹೊಲಿಗೆ ಹಾಕಿಸಿಕೊಂಡು ಮರಳಿದ ಪ್ಲಾಂಟ್ ಮುಖವಾಡ ಇಲ್ಲದೆ ಆಡುವುದಿಲ್ಲವೆಂದು ಹಟ ಹಿಡಿದ. ಅವನು ತೊಟ್ಟ ಮುಖವಾಡ ಅಂಗಡಿಯದಲ್ಲ. ಗಾಜಿನ ನಾರಿನ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದ ಬಿಲ್ ಬರ್ಚ್‌ಮೋರ್ ಎಂಬವನು ಪ್ಲಾಂಟ್ ಮುಖದ ಪ್ಲಾಸ್ಟರ್ ಅಚ್ಚು ತೆಗೆದು, ಅದಕ್ಕೆ ಹೊಂದುವಂತೆ ಫೈಬರ್‌ಗ್ಲಾಸಿನಲ್ಲಿ ತಯಾರಿಸಿದ್ದ.

ಈ ಮುಖವಾಡ ಮುಖಕ್ಕೆ ಅಂಟಿಕೊಂಡಂತೆ ಕೂರುತ್ತಿತ್ತು. ಪೆಟ್ಟಿನ ಬಲವನ್ನು ಮುಖದ ಅಗಲಕ್ಕೆ ಹಂಚುವ ಕೆಲಸವನ್ನು ಅದು ಮಾಡಿತು. ಆದರೆ ಪಕ್ ನಿಧಾನಗೊಳ್ಳುವುದಕ್ಕೆ ಬೇಕಾದ ಜಾಗವನ್ನು ಕೊಡಲಿಲ್ಲ. ಮುಂದೆ ಬಂದ ಮುಖವಾಡಗಳಲ್ಲಿ ಮುಖದಿಂದ ಅಂತರ ಬಿಟ್ಟು ತಂತಿಯ ಜಾಲರಿ, ಒಳಗೆ ನೊರೆಪದರ ಇಟ್ಟದ್ದು ಇದೇ ಕಾರಣಕ್ಕೆ. ಬಾಸ್ಟನ್ ತಂಡದ ಜೆರ್ರಿ ಚೀವರ್ಸ್ ಎಂಬ ಗೋಲ್‌ಕೀಪರ್ ಮುಖವಾಡಕ್ಕೆ ಪಕ್ ಬಡಿದ ಕಡೆಯಲ್ಲೆಲ್ಲ ಹೊಲಿಗೆಯ ಗುರುತನ್ನು ಬರೆಸುತ್ತಿದ್ದ. ಮುಖವಾಡ ಇಲ್ಲದಿದ್ದರೆ ತನ್ನ ಚರ್ಮದ ಮೇಲೆ ಎಷ್ಟು ಹೊಲಿಗೆ ಬೀಳುತ್ತಿತ್ತು ಎಂಬ ಲೆಕ್ಕ ಅದು!

ಹೆಸರು ಒಬ್ಬರದು, ಹೊಲಿಗೆ ಇನ್ನೊಬ್ಬರದು

1980ರ ದಶಕದಿಂದ ಜಿಂಕೆಯ ಕೂದಲಿನ ಬದಲು ಕೃತಕ ನೊರೆ, ಚರ್ಮದ ಬದಲು ಕೃತಕ ಚರ್ಮ ಬಂದವು. ಇದೇ ಕಾಲದಲ್ಲಿ ಟೆಲಿವಿಷನ್ ಪ್ರಸಾರ ಹೆಚ್ಚಿತು. ಗೋಲ್‌ಕೀಪರ್ ಪ್ಯಾಡಿನ ಅಗಲವಾದ ಮುಖ ಜಾಹೀರಾತಿಗೆ ಒಳ್ಳೆಯ ಜಾಗವಾಯಿತು. ದೊಡ್ಡ ಕಂಪನಿಗಳು ಆಟಗಾರರೊಡನೆ ಒಪ್ಪಂದ ಮಾಡಿಕೊಂಡವು. ಆದರೆ ಅಳತೆಗೆ ತಕ್ಕಂತೆ ಹೊಲಿಯುವ ಕೈಗಾರಿಕೆ ಸಣ್ಣ ಕುಟುಂಬಗಳ ಕೈಯಲ್ಲೇ ಇತ್ತು. ಮಾಂಟ್ರಿಯಲ್ ಪ್ರದೇಶದ ಲೆಫೆವ್ರ್ ಕುಟುಂಬದ ಪ್ಯಾಡುಗಳು ಇದಕ್ಕೆ ಪ್ರಸಿದ್ಧ ಉದಾಹರಣೆ. ಅವರ ವಿನ್ಯಾಸದ ಪ್ಯಾಡುಗಳು ಕೊಹೊ, ರೀಬಾಕ್, ಸಿ.ಸಿ.ಎಂ. ಹೀಗೆ ಬೇರೆ ಬೇರೆ ಹೆಸರಿನಲ್ಲಿ ಮಾರಾಟವಾದವು. 2020ರಲ್ಲಿ ಅವರು ಟ್ರೂ ಎಂಬ ಮತ್ತೊಂದು ಕಂಪನಿಯ ಜೊತೆ ಸೇರಿದರು. ಹೆಸರು ಬದಲಾಗುತ್ತ ಹೋಯಿತು, ಹೊಲಿಯುವ ಕೈ ಅದೇ ಉಳಿಯಿತು.

ಆ ಗೋಲ್‌ಕೀಪರಿಗೆ ತನ್ನ ಪ್ಯಾಡನ್ನು ಯಾರು ಮಾಡಿದರು, ಒಳಗೆ ಏನಿದೆ ಎಂಬುದು ಗೊತ್ತಿರುತ್ತದೆ. ಗೊತ್ತಿಲ್ಲದವರು ನೋಡುವ ಜನ ಮಾತ್ರ. ನಮ್ಮ ಕ್ರಿಕೆಟ್ಟಿನಲ್ಲೂ ಹೀಗೇ ಇದೆ. 1990ರ ದಶಕದ ಕೊನೆಗೆ ಸಚಿನ್ ತೆಂಡುಲ್ಕರ್ ಬ್ಯಾಟಿನ ಮೇಲೆ ಟಯರು ಕಂಪನಿಯ ಹೆಸರಿತ್ತು. ಬ್ಯಾಟನ್ನು ಟಯರಿನ ಅಚ್ಚಿನಲ್ಲಿ ಎರೆದಿದ್ದಾರೆಂದು ಯಾರೂ ಭಾವಿಸಲಿಲ್ಲ. 1947ರ ವಿಭಜನೆಯ ನಂತರ ಸಿಯಾಲ್‌ಕೋಟಿನಿಂದ ಬಂದ ಕುಶಲಕರ್ಮಿಗಳು ನೆಲೆಸಿದ ಜಲಂಧರ್ ಮತ್ತು ಮೀರತ್ ಇಂದಿಗೂ ನಮ್ಮ ಕ್ರೀಡಾಸಾಮಗ್ರಿಯ ತವರು. ಅಲ್ಲಿನ ಕಾರ್ಖಾನೆಗಳು ಸ್ವಂತ ಹೆಸರಿನಲ್ಲೂ ತಯಾರಿಸುತ್ತವೆ, ವಿದೇಶಿ ಕಂಪನಿಗಳ ಹೆಸರಿನಲ್ಲೂ ತಯಾರಿಸಿಕೊಡುತ್ತವೆ. ಇದರಲ್ಲಿ ತಪ್ಪೇನೂ ಇಲ್ಲ.

ನಮ್ಮ ವಿದ್ಯಾರ್ಥಿನಿಯ ಪ್ಯಾಡಿನ ಕಥೆ ಬೇರೆ. ಅಲ್ಲಿ ಹೆಸರಿನ ಪಟ್ಟಿ ಮರೆಮಾಡಿದ್ದು ಒಳಗಿನ ತುಂಬುವಿಕೆಯನ್ನು. ಮೋಸಹೋದದ್ದು ಪ್ಯಾಡು ಕಟ್ಟಿದವಳೇ.

ನಮ್ಮ ಹಾಕಿಯಲ್ಲಿ

ಬೆಳಗಾವಿಯಲ್ಲಿ ಕೇಂದ್ರವಿರುವ ಮರಾಠಾ ಲಘು ಪದಾತಿದಳದ ಶಂಕರ್ ಲಕ್ಷ್ಮಣ್ 1956, 1960 ಮತ್ತು 1964ರ ಒಲಿಂಪಿಕ್ಸ್‌ಗಳಲ್ಲಿ ಭಾರತದ ಗೋಲು ಕಾದರು. ಅಂದು ಹೆಲ್ಮೆಟ್ ಇರಲಿಲ್ಲ. ಪ್ಯಾಡೂ ಕ್ರಿಕೆಟ್ ಮಾದರಿಯದೇ. ಹುಲ್ಲಿನ ಅಂಗಳದಲ್ಲಿ ಚೆಂಡು ಹೆಚ್ಚಾಗಿ ನೆಲದ ಮೇಲೆಯೇ ಬರುತ್ತಿತ್ತು. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಕೃತಕ ಹುಲ್ಲುಹಾಸು ಬಂದ ಮೇಲೆ ಆಟದ ವೇಗ ಹೆಚ್ಚಿತು. ಪೆನಾಲ್ಟಿ ಕಾರ್ನರಿನಲ್ಲಿ ಚೆಂಡನ್ನು ಎಳೆದು ಎತ್ತಿ ಎಸೆಯುವ ಡ್ರ್ಯಾಗ್ ಫ್ಲಿಕ್ ರೂಢಿಗೆ ಬಂತು. ಇದರಲ್ಲಿ ನಮ್ಮ ಕೊಡಗಿನ ವಿ. ಆರ್. ರಘುನಾಥ್ ಪಳಗಿದ ಕೈ. 1998ರ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದ ಅಂತಿಮ ಪಂದ್ಯದಲ್ಲಿ ದಕ್ಷಿಣ ಕೊರಿಯಾದ ಪೆನಾಲ್ಟಿ ಹೊಡೆತಗಳನ್ನು ತಡೆದು ಭಾರತಕ್ಕೆ ಚಿನ್ನ ತಂದ ಆಶಿಷ್ ಬಲ್ಲಾಳ್ ಬೆಂಗಳೂರಿನವರು. ಆ ಹೊತ್ತಿಗೆ ಗೋಲ್‌ಕೀಪರ್ ತಲೆಯಿಂದ ಪಾದದವರೆಗೆ ಕವಚ ತೊಡುವುದು ಸಾಮಾನ್ಯವಾಗಿತ್ತು. ನೊರೆಹಾಳೆಗಳನ್ನು ಶಾಖದಿಂದ ಬೆಸೆದು ಕಾಲಿನ ಆಕಾರಕ್ಕೆ ಅಚ್ಚು ಹಾಕಿದ ಪ್ಯಾಡುಗಳು ಈಗ ಅಂತರರಾಷ್ಟ್ರೀಯ ಪಂದ್ಯಗಳಲ್ಲೆಲ್ಲ ಕಾಣುತ್ತವೆ.

ಆದರೆ ಶಾಲಾ ಕಾಲೇಜುಗಳಲ್ಲಿ, ಹಳ್ಳಿಯ ಪಂದ್ಯಾವಳಿಗಳಲ್ಲಿ ಒಂದೇ ಜೊತೆ ಪ್ಯಾಡು ಹತ್ತಾರು ಮಕ್ಕಳ ಕಾಲಿಗೆ ಸುತ್ತಿ ಬರುತ್ತದೆ. ಕ್ರಿಕೆಟ್ ಪ್ಯಾಡು ಕಟ್ಟಿ ಗೋಲಿಗೆ ನಿಲ್ಲಿಸುವುದೂ ಉಂಟು. ನಮ್ಮ ಅನೇಕ ಶಾಲೆಗಳು ಈ ವಿಷಯದಲ್ಲಿ ಇನ್ನೂ 1896ರಲ್ಲೇ ಇವೆ!

ಒಂದು ಲೆಕ್ಕ

ಈಗ ಎರಡನೆಯ ಪ್ರಶ್ನೆ. ಚೆಂಡಿನ ರಾಶಿ 160 ಗ್ರಾಂ, ವೇಗ ಗಂಟೆಗೆ 108 ಕಿ.ಮೀ., ಅಂದರೆ ಸೆಕೆಂಡಿಗೆ 30 ಮೀಟರ್ ಎಂದುಕೊಳ್ಳಿ. ಚಲನಶಕ್ತಿ ½ × 0.16 × 30 × 30 = 72 ಜೂಲ್. 1 ಕಿಲೋ ಸಕ್ಕರೆಯ ಪೊಟ್ಟಣವನ್ನು ಸುಮಾರು 7.3 ಮೀಟರ್ ಎತ್ತರದಿಂದ, ಅಂದರೆ ಎರಡನೇ ಮಹಡಿಯ ತಾರಸಿಯಿಂದ ಬಿಟ್ಟರೆ ನೆಲ ಮುಟ್ಟುವಾಗ ಅದಕ್ಕಿರುವ ಶಕ್ತಿ ಇಷ್ಟೇ.

ಈ ಶಕ್ತಿ ಎಲ್ಲಿಗಾದರೂ ಹೋಗಲೇಬೇಕು. ಶಕ್ತಿಯನ್ನು ಚೆಂಡು ನಿಲ್ಲಲು ತೆಗೆದುಕೊಂಡ ದೂರದಿಂದ ಭಾಗಿಸಿದರೆ ಸರಾಸರಿ ಬಲ ಸಿಗುತ್ತದೆ. ಬರಿಗಾಲಿನ ಮೇಲೆ ಚೆಂಡು 5 ಮಿ.ಮೀ. ದೂರದಲ್ಲಿ ನಿಂತರೆ ಬಲ 72 ÷ 0.005 = 14,400 ನ್ಯೂಟನ್. ಪ್ಯಾಡು 30 ಮಿ.ಮೀ. ಕುಗ್ಗಿ ಚೆಂಡನ್ನು ನಿಲ್ಲಿಸಿದರೆ ಬಲ 72 ÷ 0.03 = 2,400 ನ್ಯೂಟನ್. ಆರನೇ ಒಂದು ಭಾಗ!

ಪ್ಯಾಡಿನ ಎರಡನೆಯ ಕೆಲಸ ಬಲವನ್ನು ಹಂಚುವುದು. ಬರಿಗಾಲಿಗೆ ಚೆಂಡು ತಾಗುವ ಜಾಗ ಸುಮಾರು 5 ಚದರ ಸೆಂ.ಮೀ. ಎಂದುಕೊಂಡರೆ ಒತ್ತಡ 28.8 ಮೆಗಾಪಾಸ್ಕಲ್. ಗಟ್ಟಿ ಹೊರಪದರವಿರುವ ಪ್ಯಾಡು ಅದೇ ಪೆಟ್ಟನ್ನು 60 ಚದರ ಸೆಂ.ಮೀ.ಗೆ ಹರಡಿದರೆ ಒತ್ತಡ 0.4 ಮೆಗಾಪಾಸ್ಕಲ್. ಬಲ 6 ಪಟ್ಟು ಕಡಿಮೆ, ವಿಸ್ತೀರ್ಣ 12 ಪಟ್ಟು ಹೆಚ್ಚು. ಆದ್ದರಿಂದ ಒತ್ತಡ 72 ಪಟ್ಟು ಕಡಿಮೆ. ಇವು ಸರಾಸರಿ ಬೆಲೆಗಳು. ನಿಜವಾದ ಪೆಟ್ಟಿನಲ್ಲಿ ಗರಿಷ್ಠ ಬಲ ಇನ್ನೂ ಹೆಚ್ಚಿರುತ್ತದೆ. ಆದರೆ ತತ್ತ್ವ ಇದೇ.

ಹಾಗಾದರೆ ಸ್ಪಂಜು ಏಕೆ ಸೋತಿತು? ಅದೂ ಕುಗ್ಗುತ್ತದಲ್ಲವೇ? ಉತ್ತರ ನೊರೆಯ ವರ್ತನೆಯಲ್ಲಿದೆ. ನೊರೆಯನ್ನು ಒತ್ತುತ್ತ ಹೋದರೆ ಮೂರು ಹಂತಗಳು ಕಾಣುತ್ತವೆ. ಮೊದಲು ಅದು ಸ್ಪ್ರಿಂಗಿನಂತೆ ವರ್ತಿಸುತ್ತದೆ. ಆಮೇಲೆ ಅದರ ಕೋಶಗಳ ಗೋಡೆಗಳು ಮಡಚಿಕೊಳ್ಳುತ್ತವೆ. ಈ ಹಂತದಲ್ಲಿ ಒತ್ತಡ ಹೆಚ್ಚೇನೂ ಏರದೆ ನೊರೆ ಕುಗ್ಗುತ್ತ ಹೋಗುತ್ತದೆ. ಪೆಟ್ಟಿನ ಶಕ್ತಿಯನ್ನು ಹೀರುವುದು ಮುಖ್ಯವಾಗಿ ಇಲ್ಲಿಯೇ. ಕೊನೆಗೆ ಕೋಶಗಳೆಲ್ಲ ಅಪ್ಪಚ್ಚಿಯಾಗಿ ನೊರೆ ಗಟ್ಟಿ ಹಲಗೆಯಂತಾಗುತ್ತದೆ. ಅಲ್ಲಿಂದ ಬಲ ಒಮ್ಮೆಲೇ ಏರುತ್ತದೆ.

ಮೇಲಿನ ಲೆಕ್ಕದ ಪ್ಯಾಡಿನಲ್ಲಿ ಎರಡನೆಯ ಹಂತದ ಒತ್ತಡ 0.4 ಮೆಗಾಪಾಸ್ಕಲ್ ಇರಬೇಕು. ಆಗ ಮಾತ್ರ 30 ಮಿ.ಮೀ.ನಲ್ಲಿ 72 ಜೂಲ್ ಹೀರಬಲ್ಲದು. ಸೋಫಾ ಸ್ಪಂಜು ನಾವು ಕುಳಿತರೇ ಅರ್ಧ ಕುಗ್ಗುತ್ತದೆ. ಅದರ ಈ ಒತ್ತಡವನ್ನು 5 ಕಿಲೋಪಾಸ್ಕಲ್ ಎಂದಿಟ್ಟುಕೊಳ್ಳಿ. 60 ಚದರ ಸೆಂ.ಮೀ. ಮೇಲೆ ಅದು ಒಡ್ಡುವ ಬಲ 30 ನ್ಯೂಟನ್. 50 ಮಿ.ಮೀ. ಕುಗ್ಗಿದರೂ ಹೀರುವುದು 1.5 ಜೂಲ್. ಉಳಿದ 70 ಜೂಲ್? ಅದು ಅಪ್ಪಚ್ಚಿಯಾದ ಸ್ಪಂಜನ್ನು ದಾಟಿ ಮೂಳೆಯನ್ನು ಸೇರುತ್ತದೆ. ಕೈಗೆ ಮೆತ್ತಗಿರುವ ಪ್ಯಾಡು ಕಾಲಿಗೆ ರಕ್ಷಣೆ ಎಂಬ ನಂಬಿಕೆ ತಪ್ಪು. ಅಂಗಡಿಯಲ್ಲಿ ಬೆರಳಿನಿಂದ ಒತ್ತಿ ನೋಡಿ "ಮೆತ್ತಗಿದೆ, ಚೆನ್ನಾಗಿದೆ" ಎಂದು ಆರಿಸುವವರು ಇದನ್ನು ನೆನಪಿಡಬೇಕು.

ಪ್ರತಿಯೊಬ್ಬರಿಗೂ ಬೇರೆ ಪ್ಯಾಡು ಏಕೆ?

ತುಂಬುವಿಕೆ ಗಟ್ಟಿಯಾದಷ್ಟೂ ಒಳ್ಳೆಯದೇ? ಹಾಗೂ ಅಲ್ಲ. ತೀರ ಗಟ್ಟಿಯಾದರೆ ನಿಲ್ಲುವ ದೂರ ಕಡಿಮೆಯಾಗುತ್ತದೆ. ಚೆಂಡು ಪುಟಿಯುವುದೂ ಲೆಕ್ಕಕ್ಕೆ ಬರುತ್ತದೆ. ಸೆಕೆಂಡಿಗೆ 30 ಮೀಟರ್ ವೇಗದ ಚೆಂಡಿನ ಸಂವೇಗ 4.8 ಕಿ.ಗ್ರಾಂ.ಮೀ./ಸೆ. ಅದು 15 ಮೀಟರ್ ವೇಗದಲ್ಲಿ ಹಿಂದಕ್ಕೆ ಪುಟಿದರೆ ಸಂವೇಗದ ಬದಲಾವಣೆ 7.2. ಪುಟಿಯುವ ಚೆಂಡು ಕಾಲನ್ನು ಹೆಚ್ಚು ತಳ್ಳುತ್ತದೆ, ಆದರೆ ಎದುರಾಳಿಯಿಂದ ದೂರವೂ ಹೋಗುತ್ತದೆ. ಜಿಂಕೆ ಕೂದಲಿನ ಹಳೆಯ ಪ್ಯಾಡಿಗೆ ಬಡಿದ ಪಕ್ ಕಾಲಬುಡದಲ್ಲೇ ಬೀಳುತ್ತಿತ್ತು. ಯಾರಿಗೆ ಯಾವುದು ಬೇಕು ಎಂಬುದು ಆಟದ ಶೈಲಿಗೆ ಬಿಟ್ಟದ್ದು.

ತೂಕವೂ ಮುಖ್ಯ. ಸೊಂಟದ ಕೀಲಿನಿಂದ 90 ಸೆಂ.ಮೀ. ದೂರದ ಪಾದದಲ್ಲಿ 1 ಕಿಲೋ ಹೆಚ್ಚಿದರೆ, ಕಾಲು ಬೀಸುವಾಗ ಎದುರಾಗುವ ಜಡತ್ವ 30 ಸೆಂ.ಮೀ. ದೂರದ ತೊಡೆಯಲ್ಲಿ ಅದೇ 1 ಕಿಲೋ ಇದ್ದಾಗಿನ 9 ಪಟ್ಟು. ದೂರದ ವರ್ಗಕ್ಕೆ ತಕ್ಕಂತೆ ಅದು ಏರುತ್ತದೆ. ಹೊಡೆತದ ವೃತ್ತದ ಅಂಚಿನಿಂದ ಗೋಲಿಗೆ 14.63 ಮೀಟರ್. ನಮ್ಮ ಚೆಂಡು ಅರ್ಧ ಸೆಕೆಂಡಿಗಿಂತ ಕಡಿಮೆ ಅವಧಿಯಲ್ಲಿ ಬರುತ್ತದೆ. ಕಣ್ಣು ನೋಡಿ ಸ್ನಾಯು ಚಲಿಸಲು 0.2 ಸೆಕೆಂಡು ಹೋದರೆ ಉಳಿಯುವುದು 0.3 ಸೆಕೆಂಡಿಗಿಂತ ಕಡಿಮೆ. ನೀರು ಕುಡಿದು ಭಾರವಾದ ಪ್ಯಾಡು ಗೋಲು ಬಿಟ್ಟುಕೊಡುವುದು ಹೀಗೆ.

ಅಗಲ ಹೆಚ್ಚಿಸಿಕೊಳ್ಳೋಣವೆಂದರೆ ನಿಯಮ ಬಿಡುವುದಿಲ್ಲ. ಹಾಕಿಯಲ್ಲಿ ಕಾಲಿನ ಪ್ರತಿ ಪ್ಯಾಡಿನ ಅಗಲ 300 ಮಿ.ಮೀ. ಮೀರುವಂತಿಲ್ಲ. ಉತ್ತರ ಅಮೆರಿಕದ ರಾಷ್ಟ್ರೀಯ ಐಸ್ ಹಾಕಿ ಲೀಗ್ 2005ರಲ್ಲಿ ಈ ಮಿತಿಯನ್ನು 12 ಅಂಗುಲದಿಂದ 11ಕ್ಕೆ ಇಳಿಸಿತು. ಮಿತಿಯೊಳಗೆ ಉದ್ದ, ಬಾಗು, ಪದರಗಳ ಜೋಡಣೆಯನ್ನು ಪ್ರತಿ ಆಟಗಾರನಿಗೂ ಹೊಂದಿಸುವುದೇ ಅಳತೆಗೆ ಹೊಲಿಯುವವರ ಕುಶಲತೆ.

ನೀವೇ ಪರೀಕ್ಷಿಸಿ

ನಮ್ಮ ಪ್ರಯೋಗಾಲಯದಲ್ಲಿ ಮಾಡಿದ ಪರೀಕ್ಷೆಯನ್ನು ನಿಮ್ಮ ಶಾಲೆಯಲ್ಲೂ ಮಾಡಬಹುದು. ಬೇಕಾದ್ದು ಹೆಣ್ಣುಮಕ್ಕಳು ಎಸೆಯುವ 4 ಕಿಲೋ ಕಬ್ಬಿಣದ ಗುಂಡು, 6 ಅಂಗುಲ ಅಗಲದ ಪಿ.ವಿ.ಸಿ. ಕೊಳವೆ ಮತ್ತು ಕೆರೆಯ ಜೇಡಿಮಣ್ಣು. ಗುಂಡನ್ನು 1.8 ಮೀಟರ್ ಎತ್ತರದಿಂದ ಬಿಟ್ಟರೆ ಶಕ್ತಿ 4 × 9.8 × 1.8 = ಸುಮಾರು 71 ಜೂಲ್. ನಮ್ಮ ಚೆಂಡಿನಷ್ಟೇ!

ಹದವಾಗಿ ಕಲಸಿದ ಜೇಡಿಮಣ್ಣನ್ನು ನೆಲದ ಮೇಲೆ ನಾಲ್ಕು ಬೆರಳು ದಪ್ಪಕ್ಕೆ ತಟ್ಟಿ. ನೆಟ್ಟಗೆ ನಿಲ್ಲಿಸಿ ಕಟ್ಟಿದ ಕೊಳವೆಯ ಮೂಲಕ ಗುಂಡನ್ನು ಬಿಟ್ಟು, ಮಣ್ಣಿನಲ್ಲಾದ ಕುಳಿಯ ಆಳ ಅಳೆಯಿರಿ. ಮಣ್ಣನ್ನು ಮತ್ತೆ ತಟ್ಟಿ, ಮೇಲೆ ಪ್ಯಾಡಿಟ್ಟು ಪುನಃ ಬಿಡಿ. ಒಳ್ಳೆಯ ಪ್ಯಾಡಾದರೆ ಕುಳಿ ಅಗಲವಾಗಿ, ಆಳವಿಲ್ಲದೆ ಇರುತ್ತದೆ. ಗುಂಡು ಬಿಡುವಾಗ ಕೈ, ಕಾಲು ದೂರವಿರಲಿ. ಶಿಕ್ಷಕರು ಪಕ್ಕದಲ್ಲೇ ಇರಬೇಕು.

ವಿದ್ಯಾರ್ಥಿಗಳಿಗೆ ಒಂದು ಎಚ್ಚರಿಕೆ. ಶಕ್ತಿ ಒಂದೇ ಆದರೂ ಸಂವೇಗ ಒಂದೇ ಅಲ್ಲ. ಗುಂಡಿನ ವೇಗ ಸೆಕೆಂಡಿಗೆ 5.9 ಮೀಟರ್, ಸಂವೇಗ ಸುಮಾರು 24. ಚೆಂಡಿನ ಐದು ಪಟ್ಟು. ಗುಂಡು ಚೆಂಡಿಗಿಂತ ದೊಡ್ಡದು, ನಿಲ್ಲಲು ತೆಗೆದುಕೊಳ್ಳುವ ಕಾಲವೂ ಹೆಚ್ಚು. ಆದ್ದರಿಂದ ಇದು ಎರಡು ಪ್ಯಾಡುಗಳನ್ನು ಹೋಲಿಸುವ ಪರೀಕ್ಷೆಯೇ ಹೊರತು ಪ್ರಮಾಣಪತ್ರವಲ್ಲ.

ನಮ್ಮ ಸ್ಪಂಜಿನ ಪ್ಯಾಡು ಇಟ್ಟಾಗಲೂ ಇಡದಿದ್ದಾಗಲೂ ಕುಳಿಯ ಆಳದಲ್ಲಿ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಅದನ್ನು ಬಿಚ್ಚಿ, ಒಳಗೆ ಮುಚ್ಚಿದ ಕೋಶಗಳ ಬಿಗಿಯಾದ ನೊರೆಹಾಳೆಗಳನ್ನು ಪದರಪದರವಾಗಿ ಅಂಟಿಸಿ, ಅವಳ ಕಾಲಿನ ಅಳತೆಗೆ ಕತ್ತರಿಸಿ, ಬಸ್ ನಿಲ್ದಾಣದ ಬಳಿ ಚಪ್ಪಲಿ ಹೊಲಿಯುವವರಿಂದ ಹೊಲಿಸಿದೆವು. ಪದರಗಳ ಸಂಖ್ಯೆಯನ್ನು ಜೇಡಿಮಣ್ಣೇ ನಿರ್ಧರಿಸಿತು. ಬಿರುಕು ಕೂಡಿ, ವೈದ್ಯರು ಒಪ್ಪಿದ ಮೇಲೆ ಅವಳು ಅದನ್ನು ಕಟ್ಟಿ ಅಭ್ಯಾಸಕ್ಕೆ ಇಳಿದಳು. ಮರುವರ್ಷ ಖರೀದಿ ಸಮಿತಿ ಸೇರಿದಾಗ ಮೇಜಿನ ಮೇಲೆ ದರಪಟ್ಟಿಯ ಜೊತೆ ಕಬ್ಬಿಣದ ಗುಂಡೂ ಇತ್ತು.

ಇಂಥ ದುರಸ್ತಿ ಕಾಲಿನ ಪ್ಯಾಡಿಗೆ ಮಾತ್ರ. ಹೆಲ್ಮೆಟ್ಟಿಗೆ ಸಲ್ಲದು. ತಲೆಯ ವಿಷಯದಲ್ಲಿ ಪ್ರಯೋಗ ಬೇಡ. ತುಮಕೂರು ರಸ್ತೆ, ಹಾಸನ ರಸ್ತೆ ಕೂಡುವ ನಮ್ಮ ಊರಿನಲ್ಲಿ ದಿನವೂ ಸಾವಿರಾರು ಬೈಕುಗಳು ಓಡಾಡುತ್ತವೆ. 2021ರ ಜೂನ್ 1ರಿಂದ ದ್ವಿಚಕ್ರ ವಾಹನದ ಹೆಲ್ಮೆಟ್ಟಿಗೆ ಐ.ಎಸ್.ಐ. ಗುರುತು ಕಡ್ಡಾಯವಾಗಿದೆ. ಆ ಗುರುತಿನ ಹಿಂದೆ ನಿಜವಾದ ಪರೀಕ್ಷೆ ಇದ್ದರೆ ಮಾತ್ರ ಅದಕ್ಕೆ ಬೆಲೆ. ಗುರುತಿನ ಚೀಟಿಯನ್ನು ಯಾರು ಬೇಕಾದರೂ ಮುದ್ರಿಸಿ ಅಂಟಿಸಬಹುದು. 72 ಜೂಲ್ ಹೀರುವ ಪದರವನ್ನು ಹಾಗೆ ಅಂಟಿಸಲಾಗದು.

ನಿಮ್ಮ ಶಾಲೆಯ ಕ್ರೀಡಾಕೊಠಡಿಯ ಬೀಗ ತೆಗೆಸಿ. ಅಲ್ಲಿರುವ ಪ್ಯಾಡುಗಳನ್ನು ಹೊರತಂದು, ಒಂಬತ್ತನೇ ತರಗತಿಯ ಚಲನಶಕ್ತಿಯ ಪಾಠದ ದಿನ ಈ ಪರೀಕ್ಷೆಗೆ ಒಡ್ಡಿ. ಪಾಠವೂ ಆಗುತ್ತದೆ, ಗೋಲಿಗೆ ನಿಲ್ಲುವ ಮಗುವಿನ ಕಾಲೂ ಉಳಿಯುತ್ತದೆ.